ಪ್ರವೇಶಗಳ ನಡುವಿನ ಕತ್ತಲಿಗೆ ಹಾಡು ಕಟ್ಟಿದವರು

ನಾನು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು. ಇಪ್ಪತ್ತು ವರ್ಷಗಳಿಂದ ಹವ್ಯಾಸಿ ತಂಡಗಳ ನಾಟಕಗಳಿಗೆ ಹಾಡು ಕೂರಿಸಿಕೊಡುತ್ತ ಬಂದಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದವರು ಗಂಡ ಹೆಂಡಿರ ಬಾಳನ್ನು ಕುರಿತ ಒಂದು ಗದ್ಯನಾಟಕವನ್ನು ಹಾಡುಗಳಿರುವ ನಾಟಕವಾಗಿ ಮಾರ್ಪಡಿಸಲು ಹೊರಟಾಗ ಆ ಹೊಣೆ ನನ್ನ ಪಾಲಿಗೆ ಬಂತು. ಮಾತಿನಲ್ಲಿ ಭಾವ ತುಂಬಿ ಬಂದ ಕಡೆಯಲ್ಲೆಲ್ಲ ಒಂದೊಂದು ಹಾಡು ಇಟ್ಟೆ. ಒಟ್ಟು ಏಳು ಹಾಡುಗಳಾದವು. ತಾಲೀಮಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಪ್ರಯೋಗದ ದಿನ ಮಾತ್ರ, ಪ್ರತಿ ಹಾಡು ಆರಂಭವಾದಾಗಲೂ ಸಭೆ ಸಣ್ಣಗೆ ಸಡಿಲಾಗುವುದು ಪೇಟಿಯ ಮುಂದೆ ಕುಳಿತಿದ್ದ ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಗಂಡ ತನ್ನ ದುಃಖವನ್ನು ಮಾತಿನಲ್ಲಿ ಹೇಳಿ ಮುಗಿಸಿರುತ್ತಿದ್ದ, ಮತ್ತೆ ಅದನ್ನೇ ರಾಗದಲ್ಲಿ ಹೇಳುತ್ತಿದ್ದ. ಕೇಳುವವರಿಗೆ ಒಂದೇ ಸಂಗತಿ ಎರಡು ಸಲ ಬಂದಿತ್ತು. ಮೂರು ಪ್ರಯೋಗಗಳಿಗೆ ನಾಟಕ ನಿಂತಿತು.

ಆ ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯುವ ಹಂಬಲದಿಂದ, ಇದೇ ಬಗೆಯ ಕೆಲಸವನ್ನು ಬೇರೆಯವರು ಹೇಗೆ ಮಾಡಿದ್ದಾರೆಂದು ಹುಡುಕಿಕೊಂಡು ಹೋದಾಗ ಎದುರಾದದ್ದು ಯಾನ್ ದ ಹಾರ್ಟೊಗ್ ಅವರ 'ದ ಫೋರ್‌ಪೋಸ್ಟರ್' ಎಂಬ ನಾಟಕ ಮತ್ತು ಅದರಿಂದ ಹುಟ್ಟಿದ 'ಐ ಡೂ! ಐ ಡೂ!' ಎಂಬ ಸಂಗೀತ ನಾಟಕ. ಮೊದಲನೆಯದು ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್ವೇಗೆ 1951ರಲ್ಲಿ ಬಂತು, ಎರಡನೆಯದು 1966ರಲ್ಲಿ. ಕ್ರೈಸ್ತರ ಮದುವೆಯಲ್ಲಿ ವಧು ವರರು ಪಾದ್ರಿಯ ಪ್ರಶ್ನೆಗೆ ಕೊಡುವ ಒಪ್ಪಿಗೆಯ ಮಾತೇ ಆ ಎರಡನೆಯ ಹೆಸರು. ಅವನದೊಂದು ಒಪ್ಪಿಗೆ, ಅವಳದೊಂದು ಒಪ್ಪಿಗೆ. ಮೂಲವನ್ನು ಒಂದು ಕಡೆ, ಸಂಗೀತ ನಾಟಕದ ಪಠ್ಯವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ಓದಿದೆ. 1982ರಲ್ಲಿ ಹಾಲ್ ಲಿಂಡನ್ ಮತ್ತು ಲೀ ರೆಮಿಕ್ ನಟಿಸಿದ ದೂರದರ್ಶನ ರೂಪವನ್ನೂ ಹಲವು ಬಾರಿ ನೋಡಿದೆ. ನನ್ನ ತಪ್ಪಿಗೆ ಉತ್ತರ ಅಲ್ಲಿ ಸಿಕ್ಕಿತು.

ಮೂಲ ನಾಟಕ ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ದ ಹಾರ್ಟೊಗ್ 1914ರಲ್ಲಿ ನೆದರ್ಲೆಂಡ್ಸಿನ ಹಾರ್ಲೆಮ್‌ನಲ್ಲಿ ಹುಟ್ಟಿದವರು, ಹಡಗುಗಳಲ್ಲಿ ದುಡಿದವರು. ಡಚ್ ನಾವಿಕರ ಬದುಕನ್ನು ಕುರಿತ ಅವರ ಕಾದಂಬರಿ 1940ರಲ್ಲಿ, ಜರ್ಮನ್ ಸೈನ್ಯ ದೇಶವನ್ನು ವಶಪಡಿಸಿಕೊಂಡ ವರ್ಷವೇ ಪ್ರಕಟವಾಗಿ, ಜನರ ಸ್ವಾಭಿಮಾನದ ಗುರುತಾಯಿತು. ಆಳುವವರ ಕಣ್ಣು ಲೇಖಕರ ಮೇಲೆ ಬಿತ್ತು, ಅವರು ತಲೆಮರೆಸಿಕೊಳ್ಳಬೇಕಾಯಿತು. ಅವರು ಅಡಗಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ವೃದ್ಧೆಯರ ಆಶ್ರಯಧಾಮವೊಂದರಲ್ಲಿ, ವೃದ್ಧೆಯ ವೇಷದಲ್ಲಿ. ಅಲ್ಲಿ ಅಡಗಿದ್ದ ದಿನಗಳಲ್ಲಿ ಬರೆದದ್ದು ಈ ನಾಟಕ. ಹೊರಗೆ ಯುದ್ಧ, ಒಳಗೆ ಬಾಳು ಮುಗಿಸುತ್ತ ಬಂದ ಮುದುಕಿಯರು, ಅವರ ನಡುವೆ ಸೀರೆಯಷ್ಟೇ ಅಪರಿಚಿತವಾದ ಉಡುಪಿನಲ್ಲಿ ಕುಳಿತ ಮೂವತ್ತರ ಅಂಚಿನ ಒಬ್ಬ ಗಂಡಸು, ಒಂದು ದಾಂಪತ್ಯವನ್ನು ಮೊದಲ ರಾತ್ರಿಯಿಂದ ಮುಪ್ಪಿನವರೆಗೆ ಬರೆಯುತ್ತಿದ್ದಾನೆ. ಮರುದಿನದ ಬದುಕಿನ ಭರವಸೆಯೇ ಇಲ್ಲದ ಸ್ಥಿತಿಯಲ್ಲಿ ಮೂವತ್ತೈದು ವರ್ಷಗಳ ಸಂಸಾರವನ್ನು ಕಲ್ಪಿಸಿಕೊಳ್ಳುವುದಕ್ಕೆ ಎಂಥ ಹಸಿವು ಬೇಕು ಎಂದು ನಾನು ಯೋಚಿಸುತ್ತೇನೆ.

ನಾಟಕದಲ್ಲಿ ಇರುವುದು ಎರಡೇ ಪಾತ್ರ: ಬರಹಗಾರನಾದ ಮೈಕೇಲ್, ಅವನ ಹೆಂಡತಿ ಆಗ್ನೆಸ್. ಇರುವುದು ಒಂದೇ ಕೋಣೆ, ಆ ಕೋಣೆಯ ನಡುವೆ ನಾಲ್ಕು ಮೂಲೆಗೆ ನಾಲ್ಕು ಕಂಬಗಳಿದ್ದು ಮೇಲ್ಕಟ್ಟು ಹೊದಿಸಿದ ದೊಡ್ಡ ಮಂಚ. ಪ್ರವೇಶಗಳು ಆರು. 1890ರ ಮದುವೆಯ ರಾತ್ರಿ. 1891ರಲ್ಲಿ ಮೊದಲ ಮಗುವಿನ ಹೆರಿಗೆಯ ಹೊತ್ತು. 1901ರಲ್ಲಿ, ಕೀರ್ತಿ ಬಂದು ತಲೆ ತಿರುಗಿದ ಗಂಡ ಪರಸ್ತ್ರೀಯ ವಿಷಯವನ್ನು ಒಪ್ಪಿಕೊಳ್ಳುವ ರಾತ್ರಿ. 1908ರಲ್ಲಿ, ಬೆಳಗಿನ ನಾಲ್ಕು ಗಂಟೆಗೆ, ಬೆಳೆದ ಮಗನ ಚಿಂತೆ. 1913ರಲ್ಲಿ, ಮಗಳ ಮದುವೆಯ ದಿನ, ತಾನಿನ್ನು ಈ ಮನೆಯಲ್ಲಿ ಇರಲಾರೆ ಎಂದು ಹೇಳುವ ಆಗ್ನೆಸ್. 1925ರ ಬೆಳಗಿನ ಜಾವ, ಮನೆ ಖಾಲಿ ಮಾಡಿ ಹೊರಡುವ ಮುದಿ ದಂಪತಿ. ಇಷ್ಟೇ.

ಈ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನೋಡುತ್ತಿದ್ದಾಗ ನನಗೆ ಹೊಳೆದ ಸಂಗತಿಯೆಂದರೆ, ನಾಟಕದ ಮುಕ್ಕಾಲು ಪಾಲು ಬದುಕು ಪ್ರವೇಶಗಳ ಒಳಗೆ ಇಲ್ಲ, ಅವುಗಳ ನಡುವಿನ ಕತ್ತಲೆಯಲ್ಲಿದೆ. 1891ಕ್ಕೂ 1901ಕ್ಕೂ ನಡುವೆ ಹತ್ತು ವರ್ಷ. 1913ಕ್ಕೂ 1925ಕ್ಕೂ ನಡುವೆ ಹನ್ನೆರಡು ವರ್ಷ. ಇಡೀ ಮೊದಲ ಮಹಾಯುದ್ಧ ಆ ಒಂದು ಕತ್ತಲೆಯಲ್ಲಿ ಕಳೆದುಹೋಗಿದೆ. ಎರಡನೆಯ ಮಹಾಯುದ್ಧದಿಂದ ತಪ್ಪಿಸಿಕೊಂಡು ಕುಳಿತ ಲೇಖಕ ಮೊದಲನೆಯದನ್ನು ದೀಪ ಆರಿಸಿ ದಾಟಿಬಿಟ್ಟರು. ದೀಪ ಆರುತ್ತದೆ, ನಟರು ಕೂದಲಿನ ಬಣ್ಣ ಬದಲಿಸಿಕೊಂಡು ಬರುತ್ತಾರೆ, ದೀಪ ಹೊತ್ತುತ್ತದೆ. ಗಂಡ ಹೆಂಡಿರ ನಡುವೆ ಏನೋ ಆಗಿದೆ, ಅದು ಏನೆಂದು ನಾವು ಊಹಿಸಿಕೊಳ್ಳಬೇಕು. ಅವರಿಬ್ಬರಿಗೂ ಅದು ಪೂರ್ತಿ ತಿಳಿದಿರುವುದಿಲ್ಲ. ದಾಂಪತ್ಯವನ್ನು ಕುರಿತು ಇದಕ್ಕಿಂತ ನಿಜವಾದ ಮಾತನ್ನು ನಾಟಕದ ಕಟ್ಟಡವೊಂದು ಹೇಳಿದ್ದನ್ನು ನಾನು ಕಂಡಿಲ್ಲ. ಜಗಳದ ದಿನ, ಹೆರಿಗೆಯ ದಿನ, ಮದುವೆಯ ದಿನ ಎಲ್ಲರಿಗೂ ನೆನಪಿರುತ್ತದೆ. ಇಬ್ಬರನ್ನು ಒಬ್ಬರಿಗೊಬ್ಬರು ಹತ್ತಿರ ಮಾಡುವುದೋ ದೂರ ಮಾಡುವುದೋ ಮಾತ್ರ ನೆನಪಿರದ ದಿನಗಳ ಕೆಲಸ.

ಬ್ರಾಡ್ವೇಯಲ್ಲಿ ಇದನ್ನು ಆಡಿದ ಹ್ಯೂಮ್ ಕ್ರೋನಿನ್ ಮತ್ತು ಜೆಸಿಕಾ ಟ್ಯಾಂಡಿ ನಿಜ ಜೀವನದಲ್ಲೂ ಗಂಡ ಹೆಂಡತಿ. ಹೋಸೆ ಫೆರೆರ್ ನಿರ್ದೇಶಿಸಿದ ಆ ಪ್ರಯೋಗ 1951ರ ಅಕ್ಟೋಬರ್ 24ರಂದು ಆರಂಭವಾಗಿ 632 ಬಾರಿ ನಡೆಯಿತು, 1952ರ ಅತ್ಯುತ್ತಮ ನಾಟಕದ ಟೋನಿ ಪ್ರಶಸ್ತಿಯನ್ನು ಪಡೆಯಿತು. ಅದೇ ವರ್ಷ ಬಂದ ಚಲನಚಿತ್ರದಲ್ಲಿ ನಟಿಸಿದ ರೆಕ್ಸ್ ಹ್ಯಾರಿಸನ್ ಮತ್ತು ಲಿಲಿ ಪಾಮರ್ ಕೂಡ ಆಗ ದಂಪತಿಗಳೇ. ಆ ಚಲನಚಿತ್ರದ ಒಂದು ವಿವರ ನನ್ನ ವಿಷಯಕ್ಕೆ ತೀರ ಹತ್ತಿರದ್ದು. ಸಿನಿಮಾದಲ್ಲಿ ದೀಪ ಆರಿಸಿ ಕೂರಲಾಗದು. ಪ್ರವೇಶಗಳ ನಡುವಿನ ವರ್ಷಗಳನ್ನು ತುಂಬಲು ನಿರ್ಮಾಪಕರು ಯು.ಪಿ.ಎ. ಎಂಬ ಆ್ಯನಿಮೇಷನ್ ಸಂಸ್ಥೆಯಿಂದ ಚಲಿಸುವ ವ್ಯಂಗ್ಯಚಿತ್ರಗಳ ತುಣುಕುಗಳನ್ನು ಮಾಡಿಸಿದರು. ಗೆರೆಗಳಲ್ಲಿ ಮೂಡಿದ ನಗರ, ಗೆರೆಗಳಲ್ಲಿ ಕಳೆಯುವ ಕಾಲ. ಅಂದರೆ ಈ ನಾಟಕವನ್ನು ಬೇರೊಂದು ಮಾಧ್ಯಮಕ್ಕೆ ಒಯ್ದವರೆಲ್ಲರಿಗೂ ಮೊದಲು ಎದುರಾದ ಪ್ರಶ್ನೆ ಒಂದೇ: ಆ ಕತ್ತಲನ್ನು ಏನು ಮಾಡುವುದು?

ಸಂಗೀತ ನಾಟಕದ ಮಾತು ಮತ್ತು ಗೀತೆಗಳು ಟಾಮ್ ಜೋನ್ಸ್ ಅವರವು, ಸಂಗೀತ ಹಾರ್ವೆ ಶ್ಮಿಟ್ ಅವರದು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜೊತೆಯಾದ ಈ ಇಬ್ಬರು 1960ರಲ್ಲಿ 'ದ ಫ್ಯಾಂಟಾಸ್ಟಿಕ್ಸ್' ಎಂಬ ಪುಟ್ಟ ಸಂಗೀತ ನಾಟಕದಿಂದ ಹೆಸರಾಗಿದ್ದರು. ಕಡಿಮೆ ಸಾಮಗ್ರಿಯಲ್ಲಿ ರಂಗ ಕಟ್ಟುವುದು ಅವರಿಗೆ ಗೊತ್ತಿತ್ತು. ನಿರ್ಮಾಪಕ ಡೇವಿಡ್ ಮೆರಿಕ್, ನಿರ್ದೇಶಕ ಗವರ್ ಚಾಂಪಿಯನ್. ಅದೇ ಋತುವಿನಲ್ಲಿ ಬಂದ 'ಕ್ಯಾಬರೆ' ರಂಗದ ತುಂಬ ಕುಣಿಯುವವರನ್ನು ಇಟ್ಟುಕೊಂಡಿದ್ದಾಗ, ಇವರು ಮೇರಿ ಮಾರ್ಟಿನ್ ಮತ್ತು ರಾಬರ್ಟ್ ಪ್ರೆಸ್ಟನ್ ಎಂಬ ಇಬ್ಬರನ್ನು ಮಾತ್ರ ರಂಗಕ್ಕೆ ಬಿಟ್ಟರು. ಇದರ ಕಷ್ಟ ಹಾಡು ಕೂರಿಸುವವರಿಗೆ ಕೂಡಲೇ ತಿಳಿಯುತ್ತದೆ. ಸಾಮಾನ್ಯ ಸಂಗೀತ ನಾಟಕದಲ್ಲಿ ಮುಖ್ಯ ಪಾತ್ರ ಉಸಿರು ತೆಗೆದುಕೊಳ್ಳುವಾಗ ಮೇಳ ಹಾಡುತ್ತದೆ, ಉಡುಪು ಬದಲಿಸುವಾಗ ಹಾಸ್ಯಪಾತ್ರ ಬರುತ್ತದೆ. ಇಲ್ಲಿ ಮೇಳವೂ ಅವರೇ, ಹಾಸ್ಯವೂ ಅವರೇ. ವಾರಕ್ಕೆ ಎಂಟು ಪ್ರಯೋಗಗಳ ಹೊರೆ ಎಷ್ಟಿತ್ತೆಂದರೆ, ಮುಂದೆ ಮಧ್ಯಾಹ್ನದ ಪ್ರಯೋಗಗಳಿಗೆ ಕ್ಯಾರಲ್ ಲಾರೆನ್ಸ್ ಮತ್ತು ಗಾರ್ಡನ್ ಮೆಕ್ರೇ ಎಂಬ ಮತ್ತೊಂದು ಜೋಡಿಯನ್ನು ತರಬೇಕಾಯಿತು. 1966ರ ಡಿಸೆಂಬರ್ 5ರಂದು ಆರಂಭವಾದ ಆ ನಾಟಕ 1968ರ ಜೂನ್ ವರೆಗೆ 560 ಪ್ರಯೋಗಗಳನ್ನು ಕಂಡಿತು, ಪ್ರೆಸ್ಟನ್ ಅವರಿಗೆ ಟೋನಿ ಪ್ರಶಸ್ತಿ ಬಂತು.

ಜೋನ್ಸ್ ಮತ್ತು ಶ್ಮಿಟ್ ಮಾಡಿದ ಮೊದಲ ಬದಲಾವಣೆ ಆರಂಭದಲ್ಲೇ ಇದೆ. ದ ಹಾರ್ಟೊಗ್ ಅವರ ನಾಟಕ ಮದುವೆಯ ಶಾಸ್ತ್ರವೆಲ್ಲ ಮುಗಿದ ಮೇಲೆ, ಗಂಡ ಹೆಂಡತಿಯನ್ನು ಎತ್ತಿಕೊಂಡು ಕೋಣೆಯ ಹೊಸಿಲು ದಾಟುವಲ್ಲಿಂದ ಶುರುವಾಗುತ್ತದೆ. ಸಂಗೀತ ನಾಟಕ ಮದುವೆಯಿಂದಲೇ ಶುರುವಾಗುತ್ತದೆ, ಆ ಮದುವೆ ಪೂರ್ತಿ ಹಾಡಿನಲ್ಲಿದೆ. ಪಾದ್ರಿ ಇಲ್ಲ, ಬಂಧುಗಳಿಲ್ಲ, ಇಬ್ಬರೇ ನಿಂತು ಹಾಡುತ್ತಾರೆ. ಪಠ್ಯವನ್ನು ಮೊದಲು ಓದಿದಾಗ ಇದು ಅನಗತ್ಯವೆನಿಸಿತ್ತು. ನೋಡಿದಾಗ ಅರ್ಥವಾಯಿತು: ಮದುವೆ ಎಲ್ಲ ದೇಶದಲ್ಲೂ ಮೊದಲೇ ಹಾಡಿನ ಸಂಗತಿ. ನಮ್ಮ ಮನೆಗಳಲ್ಲಿ ಅರಿಸಿನ ಕುಟ್ಟುವುದರಿಂದ ಹೆಣ್ಣೊಪ್ಪಿಸಿಕೊಡುವವರೆಗೆ ಹಾಡಿಲ್ಲದ ಶಾಸ್ತ್ರವೇ ಇಲ್ಲ. ಮೊದಲ ಹತ್ತು ನಿಮಿಷಗಳಲ್ಲಿ ಇವರು ಹಾಡುತ್ತಾರೆಂಬ ಒಪ್ಪಂದವನ್ನು ಪ್ರೇಕ್ಷಕರೊಡನೆ ಅತ್ಯಂತ ಸಹಜವಾದ ಕಾರಣದಿಂದ ಮಾಡಿಕೊಂಡುಬಿಟ್ಟರೆ ಮುಂದಿನ ಎರಡು ಗಂಟೆ ಯಾರೂ 'ಇವರು ಏಕೆ ಹಾಡುತ್ತಿದ್ದಾರೆ' ಎಂದು ಕೇಳುವುದಿಲ್ಲ. ನಾನು ಕೂರಿಸಿದ ನಾಟಕದಲ್ಲಿ ಮೊದಲ ಹಾಡು ಬಂದದ್ದು ಇಪ್ಪತ್ತೆರಡನೆಯ ನಿಮಿಷಕ್ಕೆ.

ಎರಡನೆಯ ಸಂಗತಿ ಹಾಡುಗಳ ಸ್ಥಾನ. ಮದುವೆಯ ರಾತ್ರಿಯ ಸಂಕೋಚವನ್ನು ಇಬ್ಬರೂ ಮಾತಿನಲ್ಲಿ ಆಡಿಕೊಳ್ಳುತ್ತಾರೆ, ತಡವರಿಸುತ್ತಾರೆ, ಗುಡ್ ನೈಟ್ ಹೇಳಿ ಮಲಗಲು ನೋಡುತ್ತಾರೆ. ಆಮೇಲೆ ಅವಳು ನಿದ್ದೆ ಹೋದಾಗ, ಮೈಕೇಲ್ ಒಬ್ಬನೇ ಎದ್ದು ತನ್ನ ಹೆಂಡತಿಯನ್ನು ತಾನು ಪ್ರೀತಿಸುತ್ತೇನೆಂದು ಹಾಡುತ್ತಾನೆ, ಬರಿಗಾಲಿನಲ್ಲಿ ಕುಣಿಯುತ್ತಾನೆ. ಅವಳು ಎಚ್ಚರವಾಗಿದ್ದರೆ ಆ ಹಾಡು ಹುಟ್ಟುತ್ತಿರಲಿಲ್ಲ. ಹೆಂಡತಿಯ ಮೇಲಿನ ಪ್ರೀತಿಯನ್ನು ಒಪ್ಪಿಕೊಳ್ಳುವುದಕ್ಕೇ ನಾಚುವ ಕಾಲದ ಗಂಡಸು ಅವನು. ಅವಳ ಮುಖಕ್ಕೆ ಹೇಳಲಾಗದ ಮಾತು ಅದು, ಅದಕ್ಕಾಗಿಯೇ ಅದು ಹಾಡು.

ಇದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಧಾರವಾಡ ಸೀಮೆಯ ಒಡಪು. ನಮ್ಮ ಅಜ್ಜಿ ಬದುಕಿರುವವರೆಗೂ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. 'ನಮ್ಮ ಮನಿಯವರು' ಎನ್ನುತ್ತಿದ್ದರು, ಅದೂ ಸೆರಗು ಸರಿಮಾಡಿಕೊಂಡು. ಆದರೆ ಮದುವೆ ಮುಂಜಿಗಳಲ್ಲಿ ಹೆಂಗಸರು ಸುತ್ತುಗಟ್ಟಿ ಒತ್ತಾಯಿಸಿದರೆ, ಪ್ರಾಸವಿಟ್ಟು ಕಟ್ಟಿದ ಒಡಪಿನ ಕೊನೆಯಲ್ಲಿ ಆ ಹೆಸರನ್ನು ತುಂಬು ದನಿಯಲ್ಲಿ ಹೇಳುತ್ತಿದ್ದರು, ಸುತ್ತಲಿನವರು ಹೋ ಎನ್ನುತ್ತಿದ್ದರು, ಅಜ್ಜ ಎದ್ದು ಹೊರಗೆ ಹೋಗುತ್ತಿದ್ದರು. ಮಾತಿನಲ್ಲಿ ನಿಷಿದ್ಧವಾದದ್ದು ಪದ್ಯದಲ್ಲಿ ಸಲ್ಲುತ್ತಿತ್ತು. ಬೀಗರ ಹಾಡಿನಲ್ಲೂ ಅದೇ ನ್ಯಾಯ. ಗಂಡಿನ ತಾಯಿಯನ್ನು ಎದುರಿಗೇ ಕೂರಿಸಿಕೊಂಡು ಹೀಗಳೆಯಬಹುದು, ಅದು ಹಾಡಾಗಿರುವವರೆಗೆ ಯಾರೂ ಮುನಿಯುವಂತಿಲ್ಲ. ಇದು ನನ್ನ ಮನೆಯಲ್ಲೇ ಇದ್ದ ಪಾಠ. ಅದನ್ನು ಕಲಿಯದೆ, ಪಾತ್ರಗಳು ಆಗಲೇ ಆಡಿ ಮುಗಿಸಿದ ಮಾತಿಗೆ ನಾನು ರಾಗ ಹಚ್ಚುತ್ತ ಕುಳಿತಿದ್ದೆ.

ಮುಂದಿನ ಜಗಳದ ಭಾಗ ಸಂಗೀತಗಾರನ ಕಣ್ಣಿಗೆ ಇನ್ನೂ ಶ್ರೀಮಂತವಾಗಿದೆ. ಸಂಸಾರದಲ್ಲಿ ಕೆಲವು ವರ್ಷ ಕಳೆದ ಮೇಲೆ ಇಬ್ಬರೂ ಒಬ್ಬರ ಕೊರತೆಗಳನ್ನು ಇನ್ನೊಬ್ಬರು ಪಟ್ಟಿಮಾಡುವ ಹಾಡೊಂದಿದೆ. ಗದ್ಯನಾಟಕದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ನಾಟಕಕಾರ ಒಬ್ಬರ ನಂತರ ಒಬ್ಬರಂತೆ ಜಗಳವಾಡಿಸಬೇಕಾಗುತ್ತದೆ, ನಿಜವಾದ ಮನೆಯ ಜಗಳ ಎಂದೂ ಹಾಗಿರುವುದಿಲ್ಲ. ಹಾಡಿನಲ್ಲಾದರೆ ಎರಡು ಕಂಠಗಳು ಏಕಕಾಲಕ್ಕೆ ಬೇರೆ ಬೇರೆ ಸಾಲುಗಳನ್ನು ಹಾಡಿ, ಎರಡೂ ಕೇಳಿಸುವಂತೆ ಮಾಡಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಭಿನ್ನ ಸ್ವರಗಳು ಕೂಡಿ ನಡೆಯುವ ಪದ್ಧತಿ ಇರುವುದರಿಂದ, ಇಬ್ಬರು ಪರಸ್ಪರ ವಿರುದ್ಧವಾದ ಮಾತುಗಳನ್ನು ಹೇಳುತ್ತಲೇ ಸ್ವರದಲ್ಲಿ ಹೊಂದಿಕೊಂಡಿರುತ್ತಾರೆ. ಬೈಗುಳದ ಕೆಳಗೆ ಇನ್ನೂ ಉಳಿದಿರುವ ನಂಟನ್ನು ಮಾತಿಗಿಂತ ಮೊದಲು ಕಿವಿ ಹಿಡಿಯುತ್ತದೆ. ದಾಂಪತ್ಯದ ನಾಟಕವನ್ನು ಸಂಗೀತಕ್ಕೆ ಒಯ್ಯುವುದರಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ.

ನಮ್ಮ ಪದ್ಧತಿಯಲ್ಲಿ ಅದು ಹಾಗೆಯೇ ಬರುವುದಿಲ್ಲ. ನಮ್ಮದು ಒಂದೇ ಶ್ರುತಿಗೆ ನಿಂತ ಏಕಸ್ವರದ ಹಾದಿ. ಪೇಟಿಯ ಮನೆಗಳ ಲೆಕ್ಕದಲ್ಲಿ ಗಂಡುದನಿ ಬಿಳಿ ಒಂದರಲ್ಲೋ ಕಪ್ಪು ಒಂದರಲ್ಲೋ ಸುಖವಾಗಿರುತ್ತದೆ, ಹೆಣ್ಣುದನಿಗೆ ಕಪ್ಪು ಮೂರು ನಾಲ್ಕಕ್ಕೆ ಏರಬೇಕು. ಇಬ್ಬರ ಯುಗಳಗೀತೆ ಕೂರಿಸುವಾಗಲೆಲ್ಲ ಯಾರಾದರೊಬ್ಬರು ತಮ್ಮ ಸುಖದ ಜಾಗ ಬಿಟ್ಟುಕೊಡಬೇಕಾಗುತ್ತದೆ. ಆದರೆ ನಮ್ಮಲ್ಲಿ ಇದಕ್ಕೆ ಬೇರೊಂದು ದಾರಿ ಇದೆ. ಹರದೇಶಿ ನಾಗೇಶಿ ಪದಗಳಲ್ಲಿ ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಮೇಳ ಹೆಣ್ಣು ಹೆಚ್ಚೆಂದು ಹಾಡಿ, ಸವಾಲಿಗೆ ಜವಾಬು ಕೊಡುತ್ತ ಇಡೀ ರಾತ್ರಿ ಬೆಳಗಾಗಿಸುತ್ತವೆ. 'ಐ ಡೂ! ಐ ಡೂ!' ಮೊದಲ ಅಂಕದ ಕೊನೆಯ ಭಾಗದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ವಯಸ್ಸಾದಂತೆ ಗಂಡಸು ಹೆಚ್ಚು ಆಕರ್ಷಕನಾಗುತ್ತಾನೆ, ಹೆಂಗಸು ಸೊರಗುತ್ತಾಳೆ ಎಂದು ಮೈಕೇಲ್ ಜಂಬದಿಂದ ಹಾಡುತ್ತಾನೆ. ಆಗ್ನೆಸ್ ಗರಿಯ ಟೋಪಿಯೊಂದನ್ನು ತಲೆಗಿಟ್ಟುಕೊಂಡು, ತಾನು ಮನಸ್ಸು ಮಾಡಿದರೆ ಏನಾಗಬಲ್ಲೆನೆಂಬ ಜವಾಬನ್ನು ಹಾಡುತ್ತಾಳೆ. ಆ ಹಾಡು ಮುಗಿದಾಗ ಇಲ್ಲಿಯವರೆಗೆ ಗಂಡನ ಕಥೆಯಾಗಿದ್ದದ್ದು ಅವಳ ಕಥೆಯಾಗಿ ತಿರುಗಿಕೊಳ್ಳುತ್ತದೆ.

ಎರಡನೆಯ ಅಂಕದಲ್ಲಿ ಅವಳಿಗೊಂದು ಒಂಟಿ ಹಾಡಿದೆ. ಮಕ್ಕಳು ಮನೆ ಬಿಟ್ಟಿದ್ದಾರೆ. ಅಲ್ಲಿಯವರೆಗೆ ತಾಯಿಯಾಗಿ, ಹೆಂಡತಿಯಾಗಿ ತನ್ನನ್ನು ತಾನು ಗುರುತಿಸಿಕೊಂಡ ಆಗ್ನೆಸ್, ಆ ಎರಡನ್ನೂ ಕಳಚಿಟ್ಟರೆ ಹೆಣ್ಣೆಂದರೆ ಏನು ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಇದನ್ನು ಕೇಳುವ ಗಂಡ ಅಲ್ಲಿಲ್ಲ, ಕೇಳಬೇಕಾಗಿಯೂ ಇಲ್ಲ. ನಾನು ಚಿಕ್ಕವನಿದ್ದಾಗ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಅವ್ವ ಹಾಡುತ್ತಿದ್ದ ಪದಗಳೂ ಹೀಗೆಯೇ ಯಾರಿಗೂ ಅಲ್ಲದ ಪದಗಳು. ತವರು, ಅತ್ತೆಮನೆ, ಸತ್ತ ಕೂಸು ಎಲ್ಲವೂ ಅವುಗಳಲ್ಲಿ ಬರುತ್ತಿದ್ದವು, ಹಗಲಾದ ಮೇಲೆ ಅವ್ವ ಅವುಗಳಲ್ಲಿ ಒಂದನ್ನೂ ಮಾತಿನಲ್ಲಿ ಎತ್ತುತ್ತಿರಲಿಲ್ಲ. ಮೂಲ ನಾಟಕದ ಆಗ್ನೆಸ್ 1913ರ ಪ್ರವೇಶದಲ್ಲಿ ತನ್ನ ಬೇಸರವನ್ನು ಗಂಡನ ಎದುರು ವಾದವಾಗಿ ಮಂಡಿಸಬೇಕು. ಗಂಡ ಪ್ರತಿವಾದ ಹೂಡಿ ಅವಳನ್ನು ಒಲಿಸಿಕೊಳ್ಳುತ್ತಾನೆ. ಸಂಗೀತ ನಾಟಕದಲ್ಲಿ ಆ ವಾದಕ್ಕೆ ಮುಂಚೆ ಅವಳ ಮನಸ್ಸನ್ನು ನಾವು ಮಾತ್ರ ಕೇಳಿರುತ್ತೇವೆ. ಹಾಗಾಗಿ ಗಂಡ ಗೆದ್ದನೆಂದು ಅನಿಸುವುದಿಲ್ಲ. ಎಲ್ಲ ತಿಳಿದು ಅವಳು ಉಳಿದಳೆಂದು ಅನಿಸುತ್ತದೆ. ಈ ಒಂದು ಜಾಗದಲ್ಲಿ ರೂಪಾಂತರ ಮೂಲಕ್ಕಿಂತ ಮೇಲಾಗಿದೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಎಲ್ಲ ಕಡೆಯೂ ಹಾಗಾಗಿಲ್ಲ. ಮೂಲದ 1901ರ ಪ್ರವೇಶ ಕ್ರೂರವಾಗಿದೆ. ಗಂಡ ತನ್ನ ಪರಸಂಬಂಧವನ್ನು ಒಪ್ಪಿಕೊಳ್ಳುವಾಗ ಅವನ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ಬರಹಗಾರನ ಹೆಮ್ಮೆ ಹೆಚ್ಚು, ಅದನ್ನು ಕೇಳುವ ಹೆಂಡತಿಯ ಮೌನ ಓದುವವರನ್ನು ಇರಿಯುತ್ತದೆ. ಸಂಗೀತ ನಾಟಕದಲ್ಲಿ ಅದೇ ಘಟ್ಟ ರಭಸದ ಹಾಡುಗಳ ಸಾಲಾಗಿದೆ. ಜಂಬದ ಹಾಡಿಗೆ ಸಭೆ ನಗುತ್ತದೆ, ಜವಾಬಿನ ಹಾಡಿಗೆ ಚಪ್ಪಾಳೆ ತಟ್ಟುತ್ತದೆ, ಆ ಚಪ್ಪಾಳೆಯಲ್ಲಿ ಗಾಯದ ಅರ್ಧ ತೊಳೆದುಹೋಗುತ್ತದೆ. ಹಾಡಿಗೆ ಈ ದೋಷ ಅಂಟಿಕೊಂಡೇ ಇದೆ. ಚೆನ್ನಾಗಿ ಹಾಡಿದ ನೋವು ಕೇಳುವವರಿಗೆ ಸುಖ ಕೊಟ್ಟುಬಿಡುತ್ತದೆ. ಕಂಪನಿ ನಾಟಕಗಳ ಕಾಲದಲ್ಲಿ ಸಾಯುತ್ತಿರುವ ಪಾತ್ರದ ಹಾಡಿಗೂ 'ಒನ್ಸ್ ಮೋರ್' ಬೀಳುತ್ತಿತ್ತು, ಪಾತ್ರ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ನಮ್ಮ ಹಿರಿಯ ಪೇಟಿ ಮಾಸ್ತರರು ಹೇಳುತ್ತಿದ್ದುದನ್ನು ಕೇಳಿದ್ದೇನೆ. ಮಗನ ಕುರಿತಾದ 1908ರ ಪ್ರವೇಶ ಕೂಡ ಸಂಗೀತ ನಾಟಕದಲ್ಲಿ ತನ್ನ ಮೊದಲ ರೂಪದಲ್ಲಿ ಉಳಿದಿಲ್ಲ. ತಂದೆ ತಾಯಿ ನಡುರಾತ್ರಿ ಎದ್ದು ಕೂರುವ ಆ ಭಯ ನನಗೆ ಮೂಲದಲ್ಲಿ ಬಹಳ ಹತ್ತಿರದ್ದಾಗಿತ್ತು. ಅದರ ಬದಲು ಮಕ್ಕಳೆಲ್ಲರ ಮದುವೆಯಾದರೆ ತಾವಿಬ್ಬರೂ ಏನೇನು ಮಾಡಬಹುದೆಂದು ಕನಸು ಕಾಣುವ ಉತ್ಸಾಹದ ಹಾಡೊಂದಿದೆ. ಅದರಲ್ಲಿ ಮೇರಿ ಮಾರ್ಟಿನ್ ಪಿಟೀಲು ನುಡಿಸುತ್ತಿದ್ದರು, ಪ್ರೆಸ್ಟನ್ ಸ್ಯಾಕ್ಸೊಫೋನ್ ಊದುತ್ತಿದ್ದರು.

ಕತ್ತಲೆಯ ಪ್ರಶ್ನೆಗೆ ಹಿಂದಿರುಗುತ್ತೇನೆ. ಸಂಗೀತ ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು 'ಮೈ ಕಪ್ ರನ್ನೆತ್ ಓವರ್'. 1967ರಲ್ಲಿ ಎಡ್ ಏಮ್ಸ್ ಹಾಡಿದ ಧ್ವನಿಮುದ್ರಿಕೆಯಿಂದ ಅದು ನಾಟಕ ನೋಡದವರ ಮನೆಗಳಿಗೂ ಹೋಯಿತು. ಬೈಬಲ್ಲಿನ ಕೀರ್ತನೆಯೊಂದರಿಂದ ಬಂದ ಆ ಮಾತಿನ ಅರ್ಥ, ನನ್ನ ಬಟ್ಟಲು ತುಂಬಿ ಹೊರಸೂಸುತ್ತಿದೆ ಎಂದು. ಅದರಲ್ಲಿ ಘಟನೆ ಏನೂ ನಡೆಯುವುದಿಲ್ಲ. ಒಬ್ಬರು ನಿದ್ದೆಯಲ್ಲಿರುವಾಗ ಇನ್ನೊಬ್ಬರು ನೋಡುವುದು, ಬೆಳಗಿನ ಹೊತ್ತು, ಸಂಜೆಯ ಹೊತ್ತು. ಇಷ್ಟರ ಮೇಲೆ ನಿಂತ ನಿಧಾನದ ಹಾಡು. ಮೂಲ ನಾಟಕಕಾರ ದೀಪ ಆರಿಸಿ ದಾಟಿದ ಆ ನೆನಪಿರದ ದಿನಗಳೇ ಅದರ ವಸ್ತು. ಗದ್ಯದಲ್ಲಿ ಅಂಥ ದಿನವನ್ನು ರಂಗದ ಮೇಲೆ ತಂದರೆ ಸಭೆ ಆಕಳಿಸುತ್ತದೆ, ಏಕೆಂದರೆ ಮಾತಿಗೆ ಮುಂದೆ ಸಾಗುವ ಕೆಲಸವಿದೆ. ಹಾಡು ನಿಂತಲ್ಲೇ ನಿಲ್ಲಬಹುದು. ಪಲ್ಲವಿಗೆ ಮರಳಿ ಮರಳಿ ಬರುವುದೇ ಅದರ ನಡಿಗೆ, ದಿನ ದಿನವೂ ಅದೇ ಮನೆಗೆ ಮರಳುವ ಇಬ್ಬರ ನಡಿಗೆಯೂ ಅದೇ.

ಮುಪ್ಪನ್ನು ಅವರು ತಂದ ಬಗೆಯಲ್ಲೂ ಇದೇ ಧೈರ್ಯವಿದೆ. ಕಥೆಯ ಅವಧಿಯನ್ನು ಮೂವತ್ತೈದರಿಂದ ಐವತ್ತು ವರ್ಷಕ್ಕೆ ಹಿಗ್ಗಿಸಿದ್ದರಿಂದ ಕೊನೆಯ ಪ್ರವೇಶಕ್ಕೆ ಮುಂಚಿನ ಜಿಗಿತ ಇನ್ನೂ ದೊಡ್ಡದಾಯಿತು. ಗದ್ಯನಾಟಕದಲ್ಲಿ ನಟರು ಕತ್ತಲೆಯಲ್ಲಿ ಒಳಗೆ ಹೋಗಿ ಮುದುಕರಾಗಿ ಬರುತ್ತಿದ್ದರು. ಇಲ್ಲಿ ಇಬ್ಬರೂ ಸಭೆಯ ಕಣ್ಣೆದುರಿಗೇ ಕನ್ನಡಿಯ ಮುಂದೆ ಕುಳಿತು, ಮುಖಕ್ಕೆ ಸುಕ್ಕಿನ ಗೆರೆ ಎಳೆದುಕೊಂಡು, ಕೂದಲು ನರೆಸಿಕೊಂಡು, ನೋಡನೋಡುತ್ತ ಮುದುಕರಾಗುತ್ತಾರೆ. ಬಣ್ಣ ಹಚ್ಚಿಕೊಳ್ಳುವುದನ್ನು ಪ್ರೇಕ್ಷಕರಿಗೆ ತೋರಿಸಬಾರದೆಂದು ನಮ್ಮ ಗುರುಗಳು ಕಟ್ಟುನಿಟ್ಟಾಗಿ ಹೇಳುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ. ಈ ಭಾಗವನ್ನು ನೋಡಿದ ಮೇಲೆ ಆ ನಂಬಿಕೆ ಸಡಿಲಾಯಿತು. ಬಾಳಿನಲ್ಲಿ ಗಂಡ ಹೆಂಡಿರು ಮುದುಕರಾಗುವುದು ಒಬ್ಬರ ಕಣ್ಣೆದುರಿಗೆ ಒಬ್ಬರು ತಾನೇ.

ಈ ನಾಟಕದ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಭಾಗ ಬ್ರಾಡ್ವೇಯದಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಚಾನ್‌ಹ್ಯಾಸನ್ ಊರಿನಲ್ಲಿ, ಊಟ ಮಾಡಿ ನಾಟಕ ನೋಡುವ ರಂಗಮಂದಿರವೊಂದಿದೆ. ಅಲ್ಲಿ 1971ರಲ್ಲಿ ಡೇವಿಡ್ ಆಂಡರ್ಸ್ ಮತ್ತು ಸೂಸನ್ ಗೋಪಿಂಗರ್ ಎಂಬ ಇಬ್ಬರು ಈ ನಾಟಕವನ್ನು ಆಡಲು ಆರಂಭಿಸಿ, 1993ರವರೆಗೆ, ಇಪ್ಪತ್ತೆರಡು ವರ್ಷ, ಏಳು ಸಾವಿರಕ್ಕೂ ಹೆಚ್ಚು ಪ್ರಯೋಗಗಳನ್ನು ಅದೇ ಜೋಡಿಯಾಗಿ ನಡೆಸಿದರು. ಆ ನಡುವೆ ಅವರು ಪರಸ್ಪರ ಮದುವೆಯೂ ಆದರು. ಆರಂಭದ ವರ್ಷಗಳಲ್ಲಿ ಕೊನೆಯ ಪ್ರವೇಶಕ್ಕಾಗಿ ಅವರು ಮುಖದ ಮೇಲೆ ಸುಕ್ಕು ಬರೆದುಕೊಳ್ಳಬೇಕಾಗಿತ್ತು; ಕೊನೆಯ ವರ್ಷಗಳಲ್ಲಿ ಮೊದಲ ಪ್ರವೇಶಕ್ಕಾಗಿ ಅವನ್ನು ಮರೆಸಬೇಕಾಗಿದ್ದೀತು. ಪ್ರತಿ ಸಂಜೆ ಮದುವೆಯಾಗಿ, ಜಗಳವಾಡಿ, ಮಕ್ಕಳನ್ನು ಸಾಕಿ, ಮುದುಕರಾಗಿ, ಬಟ್ಟೆ ಬದಲಿಸಿ, ತಮ್ಮದೇ ಮನೆಗೆ ಹೋಗುತ್ತಿದ್ದ ಆ ಇಬ್ಬರಿಗೆ ಹಾಡುಗಳ ಅರ್ಥ ಹತ್ತನೆಯ ವರ್ಷದಲ್ಲಿ ಹೇಗೆ ಬದಲಾಗಿತ್ತು, ಇಪ್ಪತ್ತನೆಯ ವರ್ಷದಲ್ಲಿ ಹೇಗೆ? ನಿದ್ದೆಯಲ್ಲಿರುವ ಹೆಂಡತಿಗೆ ಹಾಡುವ ಆ ಹಾಡನ್ನು ಏಳು ಸಾವಿರ ಸಲ ಹಾಡಿದ ಗಂಡಸಿನ ದನಿಯನ್ನು ಒಮ್ಮೆ ಎದುರು ಕುಳಿತು ಕೇಳುವ ಭಾಗ್ಯ ನನಗೆ ಇರಬೇಕಿತ್ತು.

ನಾಟಕ ಮುಗಿಯುವಾಗ ಮುದಿ ದಂಪತಿ ಮನೆಯನ್ನು ಹೊಸ ಜೋಡಿಗೆ ಬಿಟ್ಟು ಹೊರಡುತ್ತಾರೆ. ಮಂಚ ಅಲ್ಲೇ ಉಳಿಯುತ್ತದೆ. ಬರಲಿರುವವರಿಗಾಗಿ ಮಂಚದ ಮೇಲೆ ದಿಂಬೊಂದನ್ನು ಇಟ್ಟು ಹೋಗುತ್ತಾರೆ. 'ದೇವರು ಪ್ರೇಮಸ್ವರೂಪಿ' ಎಂದು ಕಸೂತಿ ಹಾಕಿದ, ಮೊದಲ ರಾತ್ರಿಯಲ್ಲಿ ಇವರನ್ನು ಎದುರುಗೊಂಡಿದ್ದ ದಿಂಬು ಅದು. ಸಂಗೀತ ನಾಟಕದಲ್ಲಿ ಆಗ ಅವರು ಮನೆಯನ್ನು ಕುರಿತು ಹಾಡುತ್ತಾರೆ, ತಮ್ಮಿಬ್ಬರ ಬಗ್ಗೆ ಏನೂ ಹಾಡುವುದಿಲ್ಲ.

ನಮ್ಮ ತಂಡದವರು ಆ ಹಳೆಯ ನಾಟಕವನ್ನು ಮತ್ತೆ ಎತ್ತಿಕೊಳ್ಳಲು ಒಪ್ಪಿದ್ದಾರೆ. ಹಳೆಯ ಪ್ರತಿಯನ್ನು ತೆರೆದು ಏಳು ಹಾಡುಗಳಲ್ಲಿ ಐದನ್ನು ಹೊಡೆದುಹಾಕಿದ್ದೇನೆ. ಹೆಂಡತಿಯ ಪಾತ್ರಕ್ಕೆ ಒಂದು ಒಡಪು ಬರೆಸುತ್ತಿದ್ದೇನೆ. ಅದರಲ್ಲಿ ಅವಳು ಇಡೀ ನಾಟಕದಲ್ಲಿ ಒಂದೇ ಒಂದು ಸಲ ಗಂಡನ ಹೆಸರು ಹೇಳುತ್ತಾಳೆ. ನಮ್ಮ ನಾಟಕದ ಮೂರನೆಯ ಪ್ರವೇಶಕ್ಕೂ ನಾಲ್ಕನೆಯ ಪ್ರವೇಶಕ್ಕೂ ನಡುವೆ ಒಂಬತ್ತು ವರ್ಷಗಳಿವೆ, ಅಲ್ಲಿ ಈವರೆಗೆ ಬರಿಯ ಕತ್ತಲಿತ್ತು, ಪರದೆಯ ಹಿಂದೆ ಹುಡುಗರು ಕುರ್ಚಿ ಸರಿಸುವ ಸದ್ದಿತ್ತು. ಆ ಜಾಗಕ್ಕೆ ಹಾಡು ಇನ್ನೂ ಹುಟ್ಟಿಲ್ಲ. ಇಬ್ಬರಿಗೂ ಹೊಂದುವ ಶ್ರುತಿಯನ್ನು ಮಾತ್ರ ನಿನ್ನೆಯ ತಾಲೀಮಿನಲ್ಲಿ ಹುಡುಕಿಕೊಂಡೆವು: ಕಪ್ಪು ಎರಡು. ಗಂಡು ಸ್ವಲ್ಪ ಏರಬೇಕು, ಹೆಣ್ಣು ಸ್ವಲ್ಪ ಇಳಿಯಬೇಕು.